ಮಕ್ಕಳ ಪದ್ಯ ಯಾರ ಸೊತ್ತು?



ಹೋದ ವರ್ಷ ಹೋಬಳಿ ಮಟ್ಟದ ಒಂದು ಮಕ್ಕಳ ಸಾಹಿತ್ಯ ಸಮ್ಮೇಳನಕ್ಕೆ ನಮ್ಮನ್ನು ಕರೆದಿದ್ದರು. ಬೆಳಿಗ್ಗೆ ಹೈಸ್ಕೂಲು ಮಕ್ಕಳ ಕೈಯಲ್ಲಿ ಪದ್ಯ ಬರೆಸುವುದು, ಮಧ್ಯಾಹ್ನ ಕವಿಗೋಷ್ಠಿಯಲ್ಲಿ ಅವರಿಂದ ಓದಿಸುವುದು, ಇಷ್ಟು ನಮ್ಮ ಕೆಲಸ. ಹುಮ್ಮಸ್ಸಿನಿಂದಲೇ ಹೋದೆವು. ನಮ್ಮ ಮನೆಗಳಲ್ಲಿ ಡಿಗ್ರಿ ಕಂಡ ಮೊದಲ ತಲೆ ನಾವು. ನಾವು ಓದುವಾಗ ನಮ್ಮ ಹೈಸ್ಕೂಲಿನ ಕಡೆ ಯಾವ ಕವಿಯೂ ತಲೆ ಹಾಕಿರಲಿಲ್ಲ. ನಾವಾದರೂ ಹೋಗಿ ಈ ಮಕ್ಕಳಿಗೆ ಕಾವ್ಯ ಅಂದರೆ ಏನು ಅಂತ ಹೇಳೋಣ ಅನ್ನುವ ಹಮ್ಮು ನಮಗಿತ್ತು.

"ಚಂದಮಾಮ, ಕಾಮನಬಿಲ್ಲು ಎಲ್ಲಾ ಬಿಟ್ಟಾಕಿ. ನಿಮ್ಮ ಮನೇದು ಬರೀರಿ, ನಿಮ್ಮವ್ವನ ಕಷ್ಟ ಬರೀರಿ" ಅಂದೆವು.

ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ ಎಂಟು ಸಾಲು ಬರೆದಳು. ಅವಳ ಅವ್ವ ಊರೊಳಗಿನ ಒಂದು ಮನೆಗೆ ಕೊಟ್ಟಿಗೆ ಕಸ ತೆಗೆಯೋಕೆ ಹೋಗುತ್ತಾಳೆ. ಅಲ್ಲಿ ಅವಳಿಗೆ ಟೀ ಕುಡಿಯೋಕೆ ಬೇರೆ ಲೋಟ. ಆ ಲೋಟ ಹಿತ್ತಲ ಗೋಡೆಯ ಗೂಡಲ್ಲಿ ಇರುತ್ತದೆ. ಕುಡಿದು, ತಾನೇ ತೊಳೆದು, ಅಲ್ಲೇ ಬೋರಲು ಹಾಕಿ ಬರಬೇಕು. ಪದ್ಯದಲ್ಲಿ ಇದ್ದದ್ದು ಇಷ್ಟೇ. ಓದಿ ನಮ್ಮ ಮೈ ಜುಮ್ಮಂದಿತು. "ಇದು ಕಣವ್ವ ಪದ್ಯ! ಮಧ್ಯಾಹ್ನ ಮೊದಲು ನೀನೇ ಓದು" ಅಂದೆವು.

ಅವಳು ತಲೆ ಎತ್ತಲಿಲ್ಲ. "ಬ್ಯಾಡ ಸಾರ್. ನಾಳಿಕೂ ಅವ್ವ ಅಲ್ಲಿಗೇ ಹೋಗ್ಬೇಕು" ಅಂದಳು. ಆ ಮನೆಯ ಹುಡುಗಿ ಅದೇ ಕ್ಲಾಸಿನಲ್ಲಿ ಎರಡು ಬೆಂಚು ಮುಂದೆ ಕೂತಿದ್ದಳು.

ನಾವು ಬಿಡಲಿಲ್ಲ. ಹೆದರಬಾರದು ಅಂದೆವು, ಅಂಬೇಡ್ಕರ್ ಹೆಸರು ಹೇಳಿದೆವು, ಎರಡು ಸಲ ಒತ್ತಾಯ ಮಾಡಿದೆವು. ಅವಳು ಹಾಳೆ ಮಡಚಿ ಲಂಗದ ಜೇಬಿಗೆ ಇಟ್ಟುಕೊಂಡಳು. ಮಧ್ಯಾಹ್ನ ವೇದಿಕೆ ಹತ್ತಿ ಹೊಂಗೆ ಮರದ ಮೇಲೆ ಒಂದು ಪದ್ಯ ಓದಿ ಇಳಿದಳು. ಸಮಾಧಾನಕರ ಬಹುಮಾನ ಬಂತು. ಬಸ್ಸಿನಲ್ಲಿ ವಾಪಸ್ಸು ಬರುವಾಗ ನಮಗೆ ಆ ಹುಡುಗಿಯ ಮೇಲೆ ಸಿಟ್ಟಿತ್ತು. ಎಂಥಾ ಪದ್ಯ ಹಾಳು ಮಾಡಿದಳು ಅಂತ.

ಆ ಸಿಟ್ಟು ಯಾಕೆ ಬಂತು ಅಂತ ಯೋಚನೆ ಮಾಡುತ್ತಾ ಕೂತಾಗ ಹುಟ್ಟಿದ್ದು ಈ ಬರಹ. ಆ ಸಿಟ್ಟಿಗೆ ಏನು ಹಕ್ಕಿತ್ತು? ಆ ಪದ್ಯ ನಮ್ಮದಾಗಿತ್ತೇ?

ಮೊದಲು ನಮ್ಮ ಹೈಸ್ಕೂಲಿನ ಕಥೆಯನ್ನೂ ಹೇಳಬೇಕು. ನಾವು ಎಂಟನೇ ಕ್ಲಾಸಿನಲ್ಲಿದ್ದಾಗ ಇಂಥದೇ ಒಂದು ಸಾಹಿತ್ಯ ಸ್ಪರ್ಧೆಗೆ ನಮ್ಮೂರ ಹಬ್ಬದ ಮೇಲೆ ಪದ್ಯ ಬರೆದಿದ್ದೆವು. ಹಟ್ಟಿ, ತಮಟೆ, ಅವ್ವ ಬೇಯಿಸಿದ ಬಾಡು, ಅದರ ಘಮಲು, ಎಲ್ಲಾ ಇತ್ತು. ಮೇಷ್ಟ್ರು ಒಳ್ಳೆಯವರು. ನಮ್ಮ ಮೇಲೆ ಪ್ರೀತಿ ಇದ್ದವರು. ಕೆಂಪು ಪೆನ್ನು ತೆಗೆದುಕೊಂಡು 'ಹಟ್ಟಿ' ಹೊಡೆದು 'ಮನೆ' ಮಾಡಿದರು, 'ಅವ್ವ' ಹೊಡೆದು 'ಮಾತೆ' ಮಾಡಿದರು, 'ಬಾಡು' ಹೊಡೆದು 'ಹೋಳಿಗೆ' ಮಾಡಿದರು. ತಮಟೆ ಇದ್ದ ಕಡೆ ಓಲಗ ಬಂತು. "ಹಿಂಗಿದ್ರೆ ಪ್ರೈಜ್ ಬರ್ತದೆ ಕಣ್ರೋ" ಅಂದರು. ಅವರು ಹೇಳಿದ ಹಾಗೆಯೇ ಪ್ರೈಜ್ ಬಂತು. ಆ ವರ್ಷ ನಮ್ಮ ಮನೆಯಲ್ಲಿ ಹೋಳಿಗೆ ಮಾಡಿರಲಿಲ್ಲ. ಅಕ್ಷರ ಬಾರದ ನಮ್ಮವ್ವ ಆ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆಗೆ ನೇತು ಹಾಕಿದಳು. ಈಗಲೂ ಅದು ಅಲ್ಲೇ ಇದೆ. ತಾನು ಬೇಯಿಸಿದ್ದನ್ನು ಹೊಡೆದು ಹಾಕಿದ್ದಕ್ಕೆ ಕೊಟ್ಟ ಕಾಗದ ಅದು ಅಂತ ಅವಳಿಗೆ ಹೇಗೆ ಹೇಳೋಣ?

ಆ ಮೇಷ್ಟ್ರನ್ನು ನಾವು ವರ್ಷಗಟ್ಟಲೆ ಬೈದುಕೊಂಡಿದ್ದೇವೆ. ಆದರೆ ಹೋದ ವರ್ಷ ಆ ಕ್ಲಾಸ್ ರೂಮಿನಲ್ಲಿ ನಾವು ಮಾಡಿದ್ದೇನು? ಅವರು ಬಾಡು ಬೇಡ, ಹೋಳಿಗೆ ಬರಿ ಅಂದರು. ನಾವು ಹೊಂಗೆ ಮರ ಬೇಡ, ಲೋಟ ಬರಿ ಅಂದೆವು. ಮಗು ಬಾಯಿ ಬಿಡುವ ಮುಂಚೆಯೇ ಅದರ ಬಾಯಲ್ಲಿ ಏನು ಬರಬೇಕು ಅನ್ನುವುದನ್ನು ಇಬ್ಬರೂ ತೀರ್ಮಾನ ಮಾಡಿಯಾಗಿತ್ತು. ಅವರ ಕೈಯಲ್ಲಿ ಕೆಂಪು ಪೆನ್ನಿತ್ತು. ನಮ್ಮ ಕೈಯಲ್ಲಿ ಕ್ರಾಂತಿಯಿತ್ತು, ಅಷ್ಟೇ ವ್ಯತ್ಯಾಸ.

ಇವತ್ತು ಮಕ್ಕಳಿಗೆ ಸಾಹಿತ್ಯದ ವೇದಿಕೆಗಳು ಕಡಿಮೆಯೇನಿಲ್ಲ. ಶಿಕ್ಷಣ ಇಲಾಖೆಯ ಪ್ರತಿಭಾ ಕಾರಂಜಿಯಲ್ಲಿ ಭಾಷಣ, ಪದ್ಯ, ಪ್ರಬಂಧ ಅಂತ ಮಕ್ಕಳು ಕ್ಲಸ್ಟರಿನಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಜಿಲ್ಲೆಗೆ, ಅಲ್ಲಿಂದ ರಾಜ್ಯಕ್ಕೆ ಹೋಗುತ್ತಾರೆ. ತಾಲ್ಲೂಕು ತಾಲ್ಲೂಕಿನಲ್ಲಿ ಮಕ್ಕಳ ಸಾಹಿತ್ಯ ಸಮ್ಮೇಳನ ನಡೆಯುತ್ತದೆ. ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಸರ್ವಾಧ್ಯಕ್ಷರು ಅಂತ ಮಾಡಿ ಮೆರವಣಿಗೆಯಲ್ಲಿ ಕರೆತರುತ್ತಾರೆ. 2012ರಲ್ಲಿ ಶುರುವಾದ ಬೆಂಗಳೂರು ಸಾಹಿತ್ಯ ಹಬ್ಬದಲ್ಲಿ ಮಕ್ಕಳಿಗೆಂದೇ ಬೇರೆ ಅಂಗಳವಿದೆ. ಇದೆಲ್ಲಾ ಬೇಡ ಅನ್ನುವವರು ನಾವಲ್ಲ. ನಮ್ಮ ಅಪ್ಪಂದಿರು ಸ್ಕೂಲಿನ ಜಗಲಿಯನ್ನೂ ಹತ್ತಿರಲಿಲ್ಲ. ಅವರ ಮೊಮ್ಮಕ್ಕಳು ಮೈಕಿನ ಮುಂದೆ ನಿಲ್ಲುವುದು ಸಣ್ಣ ಮಾತಲ್ಲ.

ಆದರೆ ಹತ್ತಿರ ಹೋಗಿ ನೋಡಿ. ಹತ್ತು ಗಂಟೆಗೆ ಶುರುವಾಗಬೇಕಾದ ಉದ್ಘಾಟನೆ ಹನ್ನೊಂದೂವರೆಗೆ ಶುರುವಾಗುತ್ತದೆ. ಪೂರ್ಣಕುಂಭ ಹೊತ್ತ ಹೆಣ್ಣುಮಕ್ಕಳು ಅಲ್ಲಿ ತನಕ ಬಿಸಿಲಲ್ಲಿ ಅತಿಥಿಗಳ ಕಾರು ಕಾಯುತ್ತಾರೆ. ಹಾರ, ಶಾಲು, ಪೇಟ. ಬಂದ ದೊಡ್ಡವರೆಲ್ಲ ಮಕ್ಕಳೇ ನಾಳಿನ ಪ್ರಜೆಗಳು ಅಂತ ಒಬ್ಬರಾದ ಮೇಲೆ ಒಬ್ಬರು ಹೇಳುತ್ತಾರೆ. ಮಕ್ಕಳ ಸರದಿ ಬರುವಾಗ ಅತಿಥಿಗಳು ಊಟಕ್ಕೆ ಎದ್ದಿರುತ್ತಾರೆ. ಒಂದು ಮಗುವಿಗೆ ಎರಡು ನಿಮಿಷ. ಕೇಳುವವರು ಯಾರು? ಮುಂದಿನ ಸರದಿಗೆ ಕಾದು ಕೂತ ಇನ್ನೊಂದು ಮಗು. ಮಗುವಿಗೆ ಮೈಕು ಸಿಕ್ಕಿತು, ಕಿವಿ ಸಿಗಲಿಲ್ಲ.

ಕಿವಿ ಸಿಗದೆ ಇರುವ ಕಥೆ ನಮಗೆ ಹೊಸದಲ್ಲ. 1979ರಲ್ಲಿ ಧರ್ಮಸ್ಥಳದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಒಂದು ಗೋಷ್ಠಿ ಕೊಡಿ ಅಂತ ನಮ್ಮ ಹಿರಿಯರು ಕೇಳಿದರು. ಕೊಡಲಿಲ್ಲ. ಅದೇ ವರ್ಷದ ಮಾರ್ಚಿಯಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತಿಗಳು ತಮ್ಮದೇ ಸಮ್ಮೇಳನ ಮಾಡಿದರು. 2015ರಲ್ಲಿ ಶ್ರವಣಬೆಳಗೊಳದ ಸಮ್ಮೇಳನಕ್ಕೆ ಸಿದ್ಧಲಿಂಗಯ್ಯನವರೇ ಅಧ್ಯಕ್ಷರಾದರು. ಗೋಷ್ಠಿಯ ಬಾಗಿಲಿನಿಂದ ಅಧ್ಯಕ್ಷರ ಕುರ್ಚಿಗೆ ಹೋಗಲು ಮೂವತ್ತಾರು ವರ್ಷ ಹಿಡಿಯಿತು. ನಮ್ಮ ನೋವನ್ನು ನಾವೇ, ನಮ್ಮ ಬಾಯಲ್ಲೇ ಹೇಳುತ್ತೇವೆ ಅಂತ ಹಟ ಹಿಡಿದದ್ದರಿಂದ ಬಂದ ದಾರಿ ಅದು.

ಹಾಗಾದರೆ ಗೆಳೆಯರು ಕೇಳಬಹುದು: ಹೇಳುವುದೇ ನಮ್ಮ ದಾರಿಯಾದ ಮೇಲೆ ಆ ಹುಡುಗಿಗೂ ಹೇಳು ಅಂದದ್ದರಲ್ಲಿ ತಪ್ಪೇನು? ಎಲ್ಲರೂ ನಾಳೆಯ ಕೂಲಿಗೆ ಹೆದರಿ ಪದ್ಯ ಮಡಚಿಟ್ಟುಕೊಂಡರೆ ಲೋಟ ಗೂಡಲ್ಲೇ ಇರುತ್ತದಲ್ಲ? ಇದು ತಳ್ಳಿ ಹಾಕುವ ಪ್ರಶ್ನೆಯಲ್ಲ. ನಾವೂ ಆವತ್ತು ಹೀಗೇ ಅಂದುಕೊಂಡಿದ್ದೆವು.

ನಮಗೆ ಇಬ್ಬರು ನೆನಪಾಗುತ್ತಾರೆ. ಒಬ್ಬಳು ಮುಕ್ತಾ ಸಾಳ್ವೆ. ಪುಣೆಯಲ್ಲಿ ಸಾವಿತ್ರಿಬಾಯಿ ಮತ್ತು ಜೋತಿಬಾ ಫುಲೆ ನಡೆಸುತ್ತಿದ್ದ ಶಾಲೆಯ ಹುಡುಗಿ, ಮಾಂಗ್ ಜಾತಿಯವಳು. 1855ರಲ್ಲಿ, ಹದಿನಾಲ್ಕನೇ ವಯಸ್ಸಿನಲ್ಲಿ, ಮಾಂಗ್ ಮಹಾರರ ದುಃಖದ ಬಗ್ಗೆ ಒಂದು ಪ್ರಬಂಧ ಬರೆದಳು. ನಮ್ಮ ಜನರನ್ನು ಕಟ್ಟಡಗಳ ಅಡಿಪಾಯಕ್ಕೆ ಹೂತರು, ನಮ್ಮ ಹೆಂಗಸರು ಮಳೆ ಚಳಿಯಲ್ಲಿ ಸೂರಿಲ್ಲದೆ ಹೆರುತ್ತಾರೆ ಅಂತ ಬರೆದಳು. 'ಜ್ಞಾನೋದಯ' ಪತ್ರಿಕೆಯಲ್ಲಿ ಅದು ಅಚ್ಚಾಯಿತು. ನಮ್ಮ ಸಮ್ಮೇಳನದ ಹುಡುಗಿಯ ವಯಸ್ಸೇ ಅವಳಿಗೆ.

ಇನ್ನೊಬ್ಬರು ಬಾಬಾಸಾಹೇಬರು. ಶಾಲೆಯಲ್ಲಿ ಕೂರಲು ಮನೆಯಿಂದ ಗೋಣಿತಟ್ಟು ಒಯ್ಯುತ್ತಿದ್ದದ್ದು, ಜವಾನ ಬಂದು ನಲ್ಲಿ ತಿರುಗಿಸದಿದ್ದರೆ ನೀರಿಲ್ಲದೆ ಇರಬೇಕಾಗಿದ್ದದ್ದು, 1901ರಲ್ಲಿ ಅಪ್ಪನನ್ನು ನೋಡಲು ಹೊರಟಾಗ ದಾರಿಯಲ್ಲಿ ಹಸಿದು ಬಾಯಾರಿದ್ದು, ಇದನ್ನೆಲ್ಲಾ ಅವರು ನಲವತ್ತರ ಆಸುಪಾಸಿನಲ್ಲಿ 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಬರೆದರು. ಬರೆದವರು ತಾವು ಬದುಕಿರುವ ತನಕ ಅದನ್ನು ಪುಸ್ತಕ ಮಾಡಲಿಲ್ಲ. ಅವರು ತೀರಿಕೊಂಡದ್ದು 1956ರಲ್ಲಿ. ಪೀಪಲ್ಸ್ ಎಜುಕೇಶನ್ ಸೊಸೈಟಿ ಅದನ್ನು ಪುಸ್ತಕವಾಗಿ ತಂದದ್ದು 1990ರಲ್ಲಿ.

ಒಬ್ಬಳು ಹದಿನಾಲ್ಕಕ್ಕೇ ಹೇಳಿದಳು. ಇನ್ನೊಬ್ಬರು ಇಡೀ ದೇಶದ ಮುಂದೆ ಮಹಾಡದ ಕೆರೆಯ ನೀರು ಕುಡಿದವರು, ಆದರೂ ಬಾಲ್ಯದ ಆ ಬಾಯಾರಿಕೆಯನ್ನು ಬರೆದು ಹಾಗೇ ಇಟ್ಟುಕೊಂಡರು. ಅವರಿಗೆ ಧೈರ್ಯ ಕಡಿಮೆ ಅಂತ ಯಾರಾದರೂ ಹೇಳಿಯಾರೇ? ಯಾವಾಗ, ಯಾರ ಮುಂದೆ, ಎಷ್ಟು ಹೇಳಬೇಕು ಅನ್ನುವುದು ನೋವು ತಿಂದವರ ಕೈಯಲ್ಲಿರಬೇಕು. ನಮ್ಮ ನೆಲ, ನಮ್ಮ ನೀರು, ನಮ್ಮ ದುಡಿಮೆ ಎಲ್ಲವನ್ನೂ ಕಿತ್ತುಕೊಂಡರು. ಉಳಿದದ್ದು ನಮ್ಮ ನೋವು ಒಂದೇ. ಅದನ್ನೂ ಸಮ್ಮೇಳನದ ಕವಿಗೋಷ್ಠಿಗೆ ಕೊಟ್ಟುಬಿಡು ಅಂತ ಒಂದು ಮಗುವಿಗೆ ಹೇಳಲು ನಾವು ಯಾರು?

ಮುಕ್ತಾಳ ವಿಷಯದಲ್ಲಿ ಇನ್ನೊಂದು ಮಾತಿದೆ. ಅವಳು ಬರೆದಾಗ ಅವಳ ಬೆನ್ನಿಗೆ ಸಾವಿತ್ರಿಬಾಯಿ ಇದ್ದಳು. ಪಾಠ ಹೇಳಲು ಹೋಗುವಾಗ ಸಗಣಿ ಎರಚಿಸಿಕೊಂಡು, ಮಾರನೆಯ ದಿನವೂ ಅದೇ ದಾರಿಯಲ್ಲಿ ಹೋದ ತಾಯಿ ಅವಳು. ನಮ್ಮ ಹುಡುಗಿಯ ಬೆನ್ನಿಗೆ ಯಾರಿದ್ದರು? ಐದೂವರೆಯ ಬಸ್ಸು ಹಿಡಿಯಬೇಕಾಗಿದ್ದ ನಾವು. ಸಂಜೆ ಶಾಮಿಯಾನ ಬಿಚ್ಚುತ್ತಾರೆ, ಕುರ್ಚಿ ಲಾರಿಗೆ ತುಂಬುತ್ತಾರೆ, ಅತಿಥಿಗಳು ಊರು ಸೇರುತ್ತಾರೆ. ಅವಳು ಮಾತ್ರ ಕೇರಿಗೆ ವಾಪಸ್ಸು ಹೋಗಬೇಕು. ಬೆಳಿಗ್ಗೆ ಅವಳ ಅವ್ವ ಅದೇ ಹಿತ್ತಲಿಗೆ ಹೋಗಬೇಕು. ಚಪ್ಪಾಳೆ ನಮಗೆ, ಕೂಲಿ ತಪ್ಪುವುದು ಅವ್ವನಿಗೆ. ಈ ಲೆಕ್ಕ ಒಂಬತ್ತನೇ ಕ್ಲಾಸಿನ ಹುಡುಗಿಗೆ ಒಂದು ಗಳಿಗೆಯಲ್ಲಿ ತಿಳಿದಿತ್ತು. ಡಿಗ್ರಿ ಮಾಡಿದ ನಮಗೆ ತಿಳಿಯಲು ಒಂದು ವರ್ಷ ಬೇಕಾಯಿತು.

ಅಸ್ಪೃಶ್ಯತೆಯನ್ನು ಸಂವಿಧಾನದ 17ನೇ ವಿಧಿ ರದ್ದು ಮಾಡಿದೆ. 1955ರ ಕಾಯ್ದೆಯಿದೆ, 1989ರ ದೌರ್ಜನ್ಯ ತಡೆ ಕಾಯ್ದೆಯಿದೆ. ಆ ಲೋಟದ ಬಗ್ಗೆ ಕೇಳಬೇಕಾದವರು ಓಟು ಹಾಕುವ ವಯಸ್ಸಿನ ನಾವು, ಸಂಘಟನೆ ಇರುವ ನಾವು. ಅದನ್ನೂ ಆ ಅವ್ವನ ಜೊತೆ ಕೂತು, ಅವಳ ಕೂಲಿಗೆ ದಾರಿ ಏನು ಅಂತ ಯೋಚನೆ ಮಾಡಿ, ಅವಳು ಹೂಂ ಅಂದ ಮೇಲೆ ಕೇಳಬೇಕು. ನಾವು ಮಾಡಬೇಕಾದ ಈ ಕೆಲಸವನ್ನು ಒಂದು ಮಗುವಿನ ಪದ್ಯದ ಮೇಲೆ ಹೇರಿ, ಅವಳು ಹೊರಲಿಲ್ಲ ಅಂತ ಸಿಟ್ಟು ಮಾಡಿಕೊಂಡೆವು.

ಇನ್ನು ಆ ಹೊಂಗೆ ಮರ. ಅದನ್ನು ನಾವು ಕಿವಿಗೊಟ್ಟು ಕೇಳಲೇ ಇಲ್ಲ. ಆ ಪದ್ಯದ ಒಂದು ಸಾಲೂ ಇವತ್ತು ನಮಗೆ ನೆನಪಿಲ್ಲ. ಲೋಟದ ಪದ್ಯ ಮಾತ್ರ ಪೂರ್ತಿ ನೆನಪಿದೆ. ಇದು ನಮಗೆ ನಾಚಿಕೆಯ ವಿಷಯ. ಊರೊಳಗಿನ ಹುಡುಗ ಮಳೆಯ ಮೇಲೆ ಬರೆದರೆ ಎಷ್ಟು ಚಂದ ಬರೆದಿದ್ದಾನೆ ಅನ್ನುತ್ತಾರೆ. ನಿಮ್ಮ ಮನೆಯಲ್ಲಿ ಏನು ಕಷ್ಟ ಅಂತ ಅವನನ್ನು ಯಾರೂ ಕೇಳುವುದಿಲ್ಲ. ಕೇರಿಯ ಮಗು ಮಳೆ ಬರೆದರೆ ನಮಗೆ ಸಾಲದು. ಅದು ತನ್ನ ಗಾಯ ಬಿಚ್ಚಿ ತೋರಿಸಿದರೆ ಮಾತ್ರ ಕವಿ. ಹೊಂಗೆಯ ನೆರಳು ಕೇರಿಗೂ ಬೀಳುತ್ತದೆ. ಆ ನೆರಳನ್ನು ಚಂದ ಅನ್ನುವ ಹಕ್ಕು ಆ ಹುಡುಗಿಗಿಲ್ಲವೇ? ಎಲ್ಲಾ ಮಕ್ಕಳೂ ಹೊಂಗೆ ಮರ ನೋಡುತ್ತಾ ಸುಮ್ಮನೆ ಕೂರಬಹುದಾದ ಒಂದು ಮಧ್ಯಾಹ್ನಕ್ಕಾಗಿಯೂ ನಾವು ಹೋರಾಟ ಮಾಡುತ್ತಿದ್ದೇವೆ ಅಂತ ನಾವೇ ಮರೆತಿದ್ದೆವು.

ಹಳ್ಳಿ ಹೈಸ್ಕೂಲುಗಳ ಮೇಷ್ಟ್ರುಗಳೇ, ಮೇಡಮ್ಮುಗಳೇ, ಈ ಸಮ್ಮೇಳನಗಳನ್ನು ಹೆಗಲ ಮೇಲೆ ಹೊತ್ತು ನಡೆಸುವವರು ನೀವು. ನಿಮ್ಮ ಜೊತೆ ನಾಕು ಮಾತು ಹಂಚಿಕೊಳ್ಳುತ್ತೇವೆ. ಮಗುವಿನ ಮಾತು ತಿದ್ದುವ ಮುಂಚೆ ಅದನ್ನೇ ಕೇಳಿ. ಕಾಗುಣಿತ ತಿದ್ದಿ, ಬಾಡನ್ನು ಹೋಳಿಗೆ ಮಾಡಬೇಡಿ. ಬರೆದದ್ದನ್ನೆಲ್ಲಾ ಓದಲೇಬೇಕು ಅಂತ ಮಾಡಬೇಡಿ. ಬರೆದು ಜೇಬಿಗೆ ಇಟ್ಟುಕೊಳ್ಳುವುದೂ ಸಾಹಿತ್ಯವೇ. ಪದ್ಯಕ್ಕೆ ಮೊದಲು, ಎರಡನೆಯದು ಅಂತ ಬಹುಮಾನ ಬೇಡ. ಆ ದುಡ್ಡಿಗೆ ಪುಸ್ತಕ ತಂದು, ಬೀರುವಿನ ಬೀಗ ತೆಗೆದಿಡಿ. ದೊಡ್ಡವರ ಭಾಷಣ ಕೊನೆಗಿರಲಿ. ಮಕ್ಕಳು ಓದುವ ತನಕ ನಮ್ಮಂಥ ಕವಿಗಳು ಕೆಳಗೆ ಜಮಖಾನದ ಮೇಲೆ ಕೂತು ಕೇಳಲಿ. ಯಾವುದಾದರೂ ಮಗು ಹೇಳಬಾರದ್ದು ಹೇಳಿತು ಅಂತ ಊರು ಗುರುಗುಟ್ಟಿದರೆ, ಮಾರನೆಯ ದಿನ ಅದರ ಮನೆಯ ಮುಂದೆ ನಾವೂ ನೀವೂ ಇರಬೇಕು. ಅಷ್ಟು ಮಾಡಲು ಆಗದಿದ್ದರೆ ನಿಜ ಬರಿ ಅಂತ ಮಗುವಿಗೆ ಹೇಳುವ ಯೋಗ್ಯತೆ ನಮಗಿಲ್ಲ.

ಈ ವರ್ಷ ಅದೇ ಹೋಬಳಿಯಿಂದ ಮತ್ತೆ ಕರೆ ಬಂದಿದೆ. ಹೋಗುತ್ತೇವೆ. ಆ ಹುಡುಗಿ ಈಗ ಹತ್ತನೇ ಕ್ಲಾಸಿನಲ್ಲಿರುತ್ತಾಳೆ. ಲೋಟದ ಪದ್ಯ ಏನಾಯಿತು ಅಂತ ಅವಳನ್ನು ಕೇಳುವುದಿಲ್ಲ. ಹೊಂಗೆ ಮರದ ಪದ್ಯ ಇನ್ನೊಂದು ಸಲ ಓದುತ್ತೀಯವ್ವ, ಹೋದ ಸಲ ನಾವು ಸರಿಯಾಗಿ ಕೇಳಲಿಲ್ಲ ಅಂತ ಕೇಳಿಕೊಳ್ಳುತ್ತೇವೆ. ಒಲ್ಲೆ ಅಂದರೆ ಸುಮ್ಮನಾಗುತ್ತೇವೆ. ಆ ಸಂಜೆ ಐದೂವರೆಯ ಬಸ್ಸು ಹತ್ತುವುದಿಲ್ಲ.