ತಲೆ ಯಾರದು, ಮೈ ಯಾರದು?

ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯಲ್ಲಿ ಕಡ್ಡಿರಾಂಪುರ ಸಿಗುತ್ತದೆ. ಕಬ್ಬು, ಬಾಳೆ, ಕಾಲುವೆ ನೀರು, ಅದರಾಚೆ ಬಂಡೆ. ವಿಜಯನಗರದ ಕಾಲದ ಗುಮ್ಮಟದ ಗೋರಿಗಳೂ ಇಲ್ಲಿವೆ. ಬಸ್ಸಿನಲ್ಲಿ ಹೋಗುವ ಭಕ್ತಾದಿಗಳು ಅವನ್ನು ನೋಡುವುದಿಲ್ಲ, ಅವರ ಕಣ್ಣೆಲ್ಲ ವಿರೂಪಾಕ್ಷನ ಗೋಪುರದ ಮೇಲೆ. 2011ರ ಜುಲೈನಲ್ಲಿ ಹಂಪಿ ಬಜಾರಿನ ಕಲ್ಲು ಮಂಟಪಗಳಲ್ಲಿ ಬದುಕು ಕಟ್ಟಿಕೊಂಡಿದ್ದ ಸಂಸಾರಗಳನ್ನು ಸ್ಮಾರಕ ರಕ್ಷಣೆಯ ಹೆಸರಲ್ಲಿ ಎಬ್ಬಿಸಿದರು. ಅವರಿಗೆ ಜಾಗ ತೋರಿಸಿದ್ದು ಇದೇ ಕಡ್ಡಿರಾಂಪುರದಲ್ಲಿ. ದೇವರು ಅಲ್ಲೇ ಉಳಿದ. ದೇವರಿಗೆ ಹೂವು, ಕಾಯಿ, ಕರ್ಪೂರ ಮಾರುತ್ತಿದ್ದವರು ಗಂಟುಮೂಟೆ ಕಟ್ಟಿದರು.

ಇಲ್ಲಿ ನಿಂತು ದೇವರ ವಿಚಾರ ಮಾತಾಡೋಣ ಅಂತ ನಮಗೆ ಅನಿಸಿತು. ದೇವರು ಇದ್ದಾನೋ ಇಲ್ಲವೋ ಅನ್ನುವ ಪ್ರಶ್ನೆ ಹೊಟ್ಟೆ ತುಂಬಿದವರಿಗೆ ಸಂಜೆ ಹೊತ್ತಿನ ಹರಟೆ. ನಮ್ಮ ಪ್ರಶ್ನೆ ಬೇರೆ. ಈ ದೇವರನ್ನು ಕಟ್ಟಿದವರು ಯಾರು? ಕಸಿದುಕೊಂಡವರು ಯಾರು? ಅದರ ಹೆಸರಿನಲ್ಲಿ ಯಾರ ಮೈಯಿಂದ ಏನೇನು ವಸೂಲಾಯಿತು? ಇಷ್ಟೆಲ್ಲ ಆದಮೇಲೆ ಆ ದೇವರನ್ನು ನಾವು ಬಿಟ್ಟುಬಿಡಬೇಕೋ, ನಮ್ಮದು ಅಂತ ವಾಪಸ್ ಕೇಳಬೇಕೋ?

ಮೊದಲು ಪಂಪೆಯ ಮಾತು. ಹಂಪೆ ಅನ್ನುವ ಹೆಸರು ಪಂಪೆಯಿಂದ ಬಂತು. ಪಂಪೆ ಅಂದರೆ ಹೊಳೆ, ಹೊಳೆ ಅಂದರೆ ತಾಯಿ. ವಿಜಯನಗರ ಹುಟ್ಟುವುದಕ್ಕೆ ನೂರಾರು ವರ್ಷ ಮೊದಲೇ ಈ ದಂಡೆಯಲ್ಲಿ ಆಕೆಯ ಹೆಸರಿತ್ತು. ಆಮೇಲೆ ಪುರಾಣ ಬಂತು. ಪಂಪೆ ಬ್ರಹ್ಮನ ಮಾನಸಪುತ್ರಿಯಾದಳು, ಹೇಮಕೂಟದಲ್ಲಿ ತಪಸ್ಸು ಮಾಡಿದಳು, ಶಿವನನ್ನು ಮೆಚ್ಚಿಸಿ ಮದುವೆಯಾದಳು. ಶಿವ ಪಂಪಾಪತಿಯಾದ. ಇವತ್ತಿಗೂ ಮಾರ್ಗಶಿರದ ಸುಮಾರಿಗೆ ಫಲಪೂಜೆ ಅಂತ ನಿಶ್ಚಿತಾರ್ಥ, ಚೈತ್ರದಲ್ಲಿ ಕಲ್ಯಾಣ, ತೇರು. ಆದರೆ ಗರ್ಭಗುಡಿಯಲ್ಲಿ ಕೂತವನು ಗಂಡ. ಊರಿಗೆ ಹೆಸರು ಕೊಟ್ಟ ಆಕೆಗೆ ಸಿಕ್ಕಿದ್ದು ಪಕ್ಕದ ಚಿಕ್ಕ ಗುಡಿ. ಹೊಲ ಹೆಣ್ಣಿನದು, ಪಹಣಿ ಗಂಡನದು ಅಂದಹಾಗೆ ಆಯಿತು ಕಥೆ.

ಇದು ನಮ್ಮಲ್ಲಿ ಮಾತ್ರ ನಡೆದದ್ದೂ ಅಲ್ಲ. ಹಳೆಯ ರೋಮಿನವರು ಶತ್ರುವಿನ ಊರಿಗೆ ಮುತ್ತಿಗೆ ಹಾಕಿದಾಗ ಆ ಊರಿನ ದೇವತೆಯನ್ನೇ ಕರೆಯುತ್ತಿದ್ದರು. 'ಬಾ ತಾಯಿ, ನಮ್ಮಲ್ಲಿಗೆ ಬಾ, ಇದಕ್ಕಿಂತ ದೊಡ್ಡ ಗುಡಿ ಕಟ್ಟುತ್ತೇವೆ' ಅನ್ನುವ ಧಾಟಿ. ಕ್ರಿಸ್ತಪೂರ್ವ 396ರಲ್ಲಿ ವೇಯಿ ಎಂಬ ಪಟ್ಟಣ ಬಿದ್ದಾಗ ಅಲ್ಲಿನ ಜೂನೋ ದೇವಿಯನ್ನು ಹೀಗೇ ರೋಮಿಗೆ ತಂದರು ಎಂದು ಅವರ ಚರಿತ್ರೆ ಹೇಳುತ್ತದೆ. ದೇವಿಗೆ ಹೊಸ ಗುಡಿ ಸಿಕ್ಕಿತು. ಆಕೆಯ ಜನ ಗುಲಾಮರಾದರು. ಬಹಳ ದೂರದ ಕಥೆಯಲ್ಲವೇ? ಹಾಗಾದರೆ ಹತ್ತಿರದ್ದು ಕೇಳಿ. ಕೃಷ್ಣದೇವರಾಯ ಉದಯಗಿರಿ ಕೋಟೆ ಗೆದ್ದು ಅಲ್ಲಿಂದ ಬಾಲಕೃಷ್ಣನ ವಿಗ್ರಹವನ್ನು ಹಂಪಿಗೆ ತಂದು, 1515ರಲ್ಲಿ ಗುಡಿ ಕಟ್ಟಿಸಿ ಕೂರಿಸಿದ. ಗೆದ್ದ ಆನೆ, ಗೆದ್ದ ಕುದುರೆ, ಗೆದ್ದ ದೇವರು. ದೊರೆಗಳಿಗೆ ದೇವರು ಎಂದರೆ ಇದು.

ಇನ್ನೂ ಹಳೆಯ ಬಾಬಿಲೋನಿಗೆ ಹೋದರೆ ಅಲ್ಲಿ ಪುರೋಹಿತರು ಸೃಷ್ಟಿಯ ಕಥೆ ಹೇಳಿಟ್ಟಿದ್ದಾರೆ. ಮರ್ದೂಕ ಎಂಬ ಹೊಸ ದೇವರು ತಿಯಾಮತ್ ಎಂಬ ಆದಿತಾಯಿಯನ್ನು ಕೊಂದು, ಮೈ ಸೀಳಿ, ಅರ್ಧದಿಂದ ಆಕಾಶ ಮಾಡಿದ. ಆಕೆಯ ಕಡೆಯವನೊಬ್ಬನ ರಕ್ತದಿಂದ ಮನುಷ್ಯನನ್ನು ಮಾಡಿದರು. ಯಾಕೆ? ದೇವರುಗಳ ಕೆಲಸ ಮನುಷ್ಯ ಹೊರಲಿ, ದೇವರುಗಳು ಆರಾಮಾಗಿ ಇರಲಿ ಅಂತ. ಎಷ್ಟು ಪ್ರಾಮಾಣಿಕವಾದ ಪುರಾಣ ನೋಡಿ! ನಮ್ಮ ಪುರುಷಸೂಕ್ತದವರು ಅಷ್ಟು ಬಾಯಿಬಿಟ್ಟು ಹೇಳಲಿಲ್ಲ. ಬಾಯಿ ಬ್ರಾಹ್ಮಣ, ತೋಳು ಕ್ಷತ್ರಿಯ, ತೊಡೆ ವೈಶ್ಯ, ಕಾಲಿನಿಂದ ಶೂದ್ರ ಅಂದರು. ಪಂಚಮನ ಮಾತೇ ಬರಲಿಲ್ಲ. ಕಾಲಿನ ಅಡಿಯಲ್ಲೂ ನಮಗೆ ಜಾಗವಿಲ್ಲ. ಪುರಾಣ ಅಂದರೆ ಅಜ್ಜಿಕಥೆ ಅಂತ ನಾವು ನಕ್ಕು ಸುಮ್ಮನಾಗುವ ಹಾಗಿಲ್ಲ. ಕೂಲಿ ಯಾರು ಮಾಡಬೇಕು, ಉಣ್ಣುವವರು ಯಾರು ಅಂತ ಬರೆದಿಟ್ಟ ಹಳೆಯ ಕರಾರುಪತ್ರ ಅದು.

ಆದರೆ ಗೆಳೆಯರೇ, ಪುರಾಣವೆಲ್ಲ ಅವರದೇ ಅಂತ ಒಪ್ಪಿಬಿಟ್ಟರೆ ಅದೂ ಸೋಲೇ. ಹಂಪಿಯಲ್ಲಿ ಎಲ್ಲಕ್ಕಿಂತ ಎತ್ತರವಾಗಿ ನಿಂತಿರುವುದು ಯಾವ ದೊರೆಯ ಗೋಪುರವೂ ಅಲ್ಲ, ಮತಂಗ ಪರ್ವತ. ರಾಮಾಯಣದಲ್ಲಿ ವಾಲಿ ತಾನು ಕೊಂದ ದುಂದುಭಿಯ ಹೆಣ ಬೀಸಿ ಒಗೆದ, ರಕ್ತದ ಹನಿ ಮತಂಗನ ಆಶ್ರಮದಲ್ಲಿ ಬಿತ್ತು, 'ಈ ಸೀಮೆಗೆ ಕಾಲಿಟ್ಟರೆ ಸಾಯುತ್ತೀ' ಅಂತ ಋಷಿ ಶಾಪ ಕೊಟ್ಟ. ಆ ಶಾಪ ಸುಗ್ರೀವನಿಗೆ ಆಸರೆಯಾಯಿತು. ಓಡಿಬಂದವನಿಗೆ ನೆಲೆ ಸಿಕ್ಕಿದ್ದು ಮತಂಗನ ನೆಲದಲ್ಲಿ. ಶಬರಿ ಕಾದು ಕೂತಿದ್ದೂ ಮತಂಗನ ಆಶ್ರಮದಲ್ಲೇ. ಮಹಾಭಾರತದಲ್ಲೂ ಒಬ್ಬ ಮತಂಗ ಬರುತ್ತಾನೆ. ಬ್ರಾಹ್ಮಣ ಮನೆಯಲ್ಲಿ ಬೆಳೆದವನು. ಒಂದು ಹೆಣ್ಣುಕತ್ತೆಯ ಬಾಯಿಂದ ತಾನು ಚಂಡಾಲ ಅಂತ ತಿಳಿದು, ಬ್ರಾಹ್ಮಣ್ಯಕ್ಕಾಗಿ ಒಂಟಿಕಾಲಲ್ಲಿ ನಿಂತು ತಪಸ್ಸು ಮಾಡುತ್ತಾನೆ. ಇಂದ್ರ ಬೇರೆ ಏನು ಬೇಕಾದರೂ ಕೇಳು ಅನ್ನುತ್ತಾನೆ, ಅದೊಂದನ್ನು ಮಾತ್ರ ಕೊಡುವುದಿಲ್ಲ. ಆ ಮತಂಗನೇ ಈ ಮತಂಗನೋ ಬೇರೆಯೋ, ಪಂಡಿತರು ಜಗಳವಾಡಿಕೊಳ್ಳಲಿ. ಮಾತಂಗರು ಅಂತ ಹೇಳಿಕೊಳ್ಳುವ ನಮ್ಮ ಕೇರಿಯ ಜನಕ್ಕೆ ಆ ಹೆಸರು ಸಾಕು. ಒಬ್ಬ ಮತಂಗ ಬೇಡಿ ಬೇಡಿ ಸೋತ. ಇನ್ನೊಬ್ಬ ಯಾರನ್ನೂ ಬೇಡದೆ ಓಡಿಬಂದವನಿಗೆ ನೆಲೆ ಕೊಟ್ಟ. ಈ ಎರಡರಲ್ಲಿ ನಮ್ಮ ದಾರಿ ಯಾವುದು?

ಮೂರನೆಯ ಕಥೆ ನಮ್ಮ ಸೀಮೆಯ ಪ್ರತಿ ಹೆಂಗಸಿಗೂ ಗೊತ್ತು. ಜಮದಗ್ನಿಯ ಹೆಂಡತಿ ರೇಣುಕೆ ಹೊಳೆಯಲ್ಲಿ ಗಂಧರ್ವರ ಜಲಕ್ರೀಡೆ ಕಂಡು ಒಂದು ಗಳಿಗೆ ಮನಸ್ಸು ಚಂಚಲ ಮಾಡಿಕೊಂಡಳಂತೆ. ಗಂಡ ಕಡಿ ಅಂದ, ಮಗ ಪರಶುರಾಮ ಕೊಡಲಿ ಎತ್ತಿದ. ಆಕೆ ಓಡಿದಳು. ಎಲ್ಲಿಗೆ? ಅಗ್ರಹಾರದ ಬಾಗಿಲು ತೆರೆಯಲಿಲ್ಲ, ಅರಮನೆಯ ಬಾಗಿಲೂ ತೆರೆಯಲಿಲ್ಲ. ಮಾದರ ಕೇರಿಯ ಒಬ್ಬ ಹೆಂಗಸು ಆಕೆಯನ್ನು ತಬ್ಬಿಕೊಂಡಳು. ಕೊಡಲಿ ಇಬ್ಬರ ತಲೆಯನ್ನೂ ಹಾರಿಸಿತು. ತಾಯಿ ಬದುಕಲಿ ಅಂತ ಮಗ ವರ ಕೇಳಿದಾಗ ಅವಸರದಲ್ಲಿ ತಲೆಗಳು ಅದಲುಬದಲಾದವು. ಒಬ್ಬಳು ಎಲ್ಲಮ್ಮ, ಇನ್ನೊಬ್ಬಳು ಮಾತಂಗಿ. ತಲೆ ಒಬ್ಬರದು, ಮೈ ಇನ್ನೊಬ್ಬರದು.

ಈ ಕಥೆ ಕೇಳಿ ಇದು ಜಾತಿಗಳ ಸಮನ್ವಯ ಅಂತ ಬರೆಯುವ ವಿದ್ವಾಂಸರಿದ್ದಾರೆ. ನಮಗೆ ಹಾಗೆ ಕಾಣುವುದಿಲ್ಲ. ರೇಣುಕೆಯದಾದರೂ ಅವರ ಲೆಕ್ಕದಲ್ಲಿ ಏನೋ ತಪ್ಪಿತ್ತು. ಆ ಕೇರಿಯ ಹೆಂಗಸಿನ ತಪ್ಪು ಏನು? ಓಡಿಬಂದವಳನ್ನು ತಬ್ಬಿಕೊಂಡದ್ದು. ಅಷ್ಟೇ. ಮಗ ಅಳುವುದು ತಾಯಿಗಾಗಿ, ವರ ಕೇಳುವುದು ತಾಯಿಗಾಗಿ. ನಮ್ಮವಳು ಬದುಕಿದ್ದು ಪಕ್ಕದಲ್ಲಿ ಬಿದ್ದಿದ್ದಳು ಅನ್ನುವ ಕಾರಣಕ್ಕೆ. ಆಕೆಯನ್ನು ಕಡಿದದ್ದು ಪಾಪ ಅಂತ ನಾವು ಕೇಳಿದ ಯಾವ ಕಥೆಯೂ ಹೇಳಲಿಲ್ಲ. ಆಕೆಗೆ ಸ್ವಂತ ಹೆಸರೂ ಇಲ್ಲ, ಜಾತಿಯ ಹೆಸರೇ ಹೆಸರು. ಈ ಕಥೆಯಲ್ಲಿ ದೇವರ ಹಾಗೆ ನಡೆದುಕೊಂಡವಳು ಆಕೆ ಒಬ್ಬಳೇ. ಗುಡಿ ಕಟ್ಟುವುದಾಗಿದ್ದರೆ ಆ ತಬ್ಬಿದ ತೋಳಿಗೆ ಕಟ್ಟಬೇಕಾಗಿತ್ತು.

ಕಟ್ಟಿದ್ದೇನು? ಎಲ್ಲಮ್ಮ, ಹುಲಿಗೆಮ್ಮನ ಹೆಸರಿನಲ್ಲಿ ಕೇರಿಯ ಹೆಣ್ಣುಮಕ್ಕಳ ಕೊರಳಿಗೆ ಮುತ್ತು. 1520ರ ಸುಮಾರಿಗೆ ಹಂಪಿಗೆ ಬಂದ ಪೋರ್ಚುಗೀಸ್ ಪಾಯಿಸ್ ಕುಣಿಯುವ ಹೆಂಗಸರ ಮೈಮೇಲಿನ ಚಿನ್ನ ನೋಡಿ ಬೆರಗಾಗಿ ಬರೆದ. ಆ ಚಿನ್ನ ದೊರೆಗಳ ಜೊತೆ ಹೋಯಿತು. ಉಳಿದದ್ದು ದಲಿತರ ಗುಡಿಸಲು, ಮೇಲಿನವರ ರಾತ್ರಿ, ಅಪ್ಪನ ಹೆಸರಿಲ್ಲದ ಮಕ್ಕಳು. ಬಳ್ಳಾರಿ ಜಿಲ್ಲೆ 1953ರವರೆಗೆ ಮದ್ರಾಸಿಗೆ ಸೇರಿತ್ತು. ಅಲ್ಲಿ 1947ರಲ್ಲೇ ದೇವದಾಸಿ ಬಿಡುವುದನ್ನು ನಿಷೇಧಿಸಿ ಕಾನೂನು ಬಂತು. ಕರ್ನಾಟಕ ಮತ್ತೆ 1982ರಲ್ಲಿ ಕಾನೂನು ಮಾಡಬೇಕಾಯಿತು. ಮೂವತ್ತೈದು ವರ್ಷ ಮೊದಲ ಕಾನೂನು ಕೆಲಸ ಮಾಡಿದ್ದರೆ ಎರಡನೆಯದು ಯಾಕೆ ಬೇಕಿತ್ತು? ದೇವಿ ಮೈಮೇಲೆ ಬಂದು ಹುಡುಗಿ ಕೇಳುತ್ತಾಳೆ ಅಂತಾರೆ. ಯಾವತ್ತಾದರೂ ಗೌಡರ ಮನೆಯ, ಶಾನುಭೋಗರ ಮನೆಯ ಹುಡುಗಿಯನ್ನು ಕೇಳಿದಳೇ? ಕೇಳುವ ಬಾಯಿ ದೇವಿಯದಲ್ಲ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಹಾಗಂತ ಕೇರಿಯ ದೇವರೆಲ್ಲ ಮೌಢ್ಯ, ಗುಡಿಯ ದೇವರೆಲ್ಲ ಸಂಸ್ಕೃತಿ ಅನ್ನುವ ಮಾತನ್ನೂ ನಾವು ಒಪ್ಪುವುದಿಲ್ಲ. ಅದೇ ಪಾಯಿಸ್ ಮಹಾನವಮಿಯ ಬಲಿಯ ಲೆಕ್ಕ ಕೊಡುತ್ತಾನೆ. ಕೊನೆಯ ದಿನವೊಂದೇ 250 ಕೋಣ, 4500 ಕುರಿ. ಅದು ಇವತ್ತು ಗತವೈಭವ, ಉತ್ಸವ ಮಾಡಿ ನೆನೆಯುವ ನಾಡಹಬ್ಬ. ನಮ್ಮ ಕೇರಿಯ ಒಂದು ಕೋಣ ಮಾತ್ರ ಅನಾಗರಿಕ, ಅದಕ್ಕೆ 1959ರ ಪ್ರಾಣಿಬಲಿ ನಿಷೇಧ ಕಾನೂನು. ಬಲಿ ನಿಲ್ಲಲಿ, ನಮ್ಮ ತಕರಾರಿಲ್ಲ. ಆದರೆ ತಪ್ಪು ಅನ್ನುವುದು ದೊರೆ ಮಾಡಿದಾಗಲೂ ತಪ್ಪೇ ಆಗಬೇಕು.

ನಾವು ಎಡವಿದ ಜಾಗವನ್ನೂ ಹೇಳಬೇಕು. 1986ರ ಮಾರ್ಚ್‌ನಲ್ಲಿ ಸೊರಬ ತಾಲೂಕಿನ ಚಂದ್ರಗುತ್ತಿಯಲ್ಲಿ ರೇಣುಕಾಂಬೆಯ ಜಾತ್ರೆಗೆ ಬೆತ್ತಲೆ ಸೇವೆ ನಿಲ್ಲಿಸಲು ದಲಿತ ಸಂಘಟನೆಯ ಕಾರ್ಯಕರ್ತರು ಹೋದರು. ಯಾರ ಮಾನ ಉಳಿಸಲು ಹೋದರೋ ಆ ಗುಂಪೇ ತಿರುಗಿಬಿತ್ತು. ಕಾರ್ಯಕರ್ತರನ್ನು, ಪೊಲೀಸರನ್ನು ಹೊಡೆದು ಬಟ್ಟೆ ಬಿಚ್ಚಿಸಿದರು. ಆಮೇಲೆ ಸರ್ಕಾರ ನಿಷೇಧ ಹಾಕಿತು. ನಿಲ್ಲಬೇಕಾದದ್ದು ನಿಂತಿತು, ಅದು ಸಣ್ಣ ಮಾತಲ್ಲ. ಆದರೆ ನಮ್ಮನ್ನು ಕಾಡುವ ಪ್ರಶ್ನೆ ಉಳಿಯಿತು. ಆ ತಾಯಂದಿರು ನಮ್ಮನ್ನು ಯಾಕೆ ಹೊಡೆದರು? ಎಲ್ಲ ಬಾಗಿಲೂ ಮುಚ್ಚಿದ್ದಾಗ ಅವರಿಗೆ ತೆರೆದಿದ್ದ ಒಂದೇ ಬಾಗಿಲು ಆ ದೇವಿಯದು. ಮಗುವಿಗೆ ಜ್ವರ ಬಂದರೆ ಡಾಕ್ಟರಿಲ್ಲ, ಗಂಡ ಹೊಡೆದರೆ ಪಂಚಾಯ್ತಿ ಇಲ್ಲ, ಸಾಲಗಾರ ಬಂದರೆ ಕೋರ್ಟಿಲ್ಲ. ಹರಕೆ ಒಂದಿತ್ತು. ನಾವು ಆ ಬಾಗಿಲನ್ನೂ ಮುಚ್ಚಲು ಬಂದವರ ಹಾಗೆ ಕಂಡೆವು. ಕೈಯಲ್ಲಿ ಕರಪತ್ರವಿತ್ತು, ಇನ್ನೊಂದು ಬಾಗಿಲು ಇರಲಿಲ್ಲ.

ಹಾಗಾದರೆ ದೊಡ್ಡ ಗುಡಿಯ ಬಾಗಿಲು ತೆರೆಸಿದರೆ ಸಾಕೇ? ಬಾಬಾಸಾಹೇಬರು 1930ರಲ್ಲಿ ನಾಸಿಕದ ಕಾಳಾರಾಮ ಗುಡಿಯ ಮುಂದೆ ಸತ್ಯಾಗ್ರಹ ಕೂರಿಸಿದರು. ವರ್ಷಗಳು ಕಳೆದರೂ ಬಾಗಿಲು ತೆರೆಯಲಿಲ್ಲ. 1935ರಲ್ಲಿ ಯೇವಲೆಯಲ್ಲಿ ಹಿಂದೂವಾಗಿ ಸಾಯುವುದಿಲ್ಲ ಅಂದರು, 1956ರಲ್ಲಿ ನಾಗಪುರದಲ್ಲಿ ಬುದ್ಧನ ಕಡೆ ನಡೆದರು. ನಮ್ಮ ಪಕ್ಕದ ಸಂಡೂರಿನಲ್ಲಿ 1932ರಲ್ಲೇ ರಾಜ ಕುಮಾರಸ್ವಾಮಿ ಗುಡಿಯನ್ನು ಹರಿಜನರಿಗೆ ತೆರೆಸಿದ, 1934ರಲ್ಲಿ ಗಾಂಧಿ ಬಂದು ಮೆಚ್ಚಿದರು. ಒಳ್ಳೆಯದೇ. ಆದರೆ ಅದೇ ಕುಮಾರಸ್ವಾಮಿ ಬೆಟ್ಟದ ಸಾಲನ್ನು ಅದಿರಿಗಾಗಿ ಬಗೆದಾಗ ಕೆಂಪು ಧೂಳು ಕುಡಿದವರು ಯಾರು? ಗುಡಿಗೆ ಹೋಗುವ ಹಕ್ಕು ಸಿಕ್ಕಿತು, ಗುಡಿ ನಿಂತ ನೆಲದ ಹಕ್ಕು ಸಿಗಲಿಲ್ಲ. ಕೃಪೆಯಿಂದ ತೆರೆದ ಬಾಗಿಲಿನ ಬೀಗದ ಕೈ ಕೃಪೆ ಮಾಡಿದವರ ಬಳಿಯೇ ಇರುತ್ತದೆ.

ಬಿಡುವವರು ಬಿಡಲಿ, ಅದು ಬಾಬಾಸಾಹೇಬರು ತೋರಿದ ದಾರಿ. ಬಿಡಲಾರದ ನಮ್ಮ ಅವ್ವಂದಿರನ್ನು ನಾವು ಹಂಗಿಸುವುದಿಲ್ಲ. ಇಬ್ಬರಿಗೂ ಹಿಡಿಸುವ ಒಂದು ಅಳತೆಗೋಲು ಬೇಕು. ಅದು ಮತಂಗನ ಬೆಟ್ಟದಲ್ಲಿದೆ, ಮಾತಂಗಿಯ ತೋಳಿನಲ್ಲಿದೆ. ಓಡಿಬಂದವರಿಗೆ ಆಸರೆ ಕೊಡುತ್ತದೋ, ಇಲ್ಲ ಓಡಿಬಂದವರ ಮೈಯನ್ನೇ ಕೇಳುತ್ತದೋ? ಮೈ ಕೇಳುವುದು ಯಾವ ದೇವರಾದರೂ ಸರಿ, ಕೇರಿಯದಾದರೂ ಗೋಪುರದ್ದಾದರೂ, ಅದು ನಮ್ಮ ದೇವರಲ್ಲ. ಆಸರೆ ಕೊಡುವುದು ದೇವರಲ್ಲದಿದ್ದರೂ ನಮ್ಮದೇ. 1439ರಲ್ಲಿ ಅಹಮದ್ ಖಾನ್ ಎಂಬ ಸೈನ್ಯದವನು ಹಂಪಿಯಲ್ಲಿ ಮಸೀದಿ ಕಟ್ಟಿಸಿ ಶಾಸನದಲ್ಲಿ ಅದಕ್ಕೆ ಧರ್ಮಸಾಲೆ ಅಂತ ಹೆಸರು ಬರೆಸಿದ. ಆ ಮಾತು ನಮಗೆ ಅರ್ಥವಾಗುತ್ತದೆ. ಬಂದವರು ತಂಗುವ ಜಾಗ.

ಈ ಅಳತೆಗೋಲು ನಮ್ಮ ತಲೆಯ ಮೇಲೂ ಬೀಳಬೇಕು. ಮುತ್ತು ಕಟ್ಟಬೇಡ ಅಂತ ಹೇಳುವ ನಾವು, ಮುತ್ತು ಕಿತ್ತ ಹುಡುಗಿಗೆ ನಮ್ಮ ಮನೆಯ ಬಾಗಿಲು ತೆರೆಯುತ್ತೇವೆಯೇ? ಆಕೆಯ ಮಗನಿಗೆ ಹೆಣ್ಣು ಕೊಡುತ್ತೇವೆಯೇ? ಇಲ್ಲ ಅನ್ನುವುದಾದರೆ ನಮ್ಮ ಕೈಯಲ್ಲಿರುವುದು ಬರೀ ಇನ್ನೊಂದು ಕೊಡಲಿ.

ಕಡ್ಡಿರಾಂಪುರಕ್ಕೆ ವಾಪಸ್ ಬರೋಣ. ದೊಡ್ಡ ಗುಡಿಯ ಮುಂದಿನಿಂದ ಎಬ್ಬಿಸಿದವರಿಗೆ ಜಾಗವಾದದ್ದು ಈ ಸಣ್ಣ ಊರು. ಎಲ್ಲಿಂದಲೋ ಬಂದು ಸತ್ತವರ ಗೋರಿಗಳನ್ನು ಐದಾರು ನೂರು ವರ್ಷದಿಂದ ಮಡಿಲಲ್ಲಿ ಇಟ್ಟುಕೊಂಡದ್ದೂ ಇದೇ ಊರು. ಇದಕ್ಕೆ ಪುರಾಣವಿಲ್ಲ, ತೇರಿಲ್ಲ, ಟಿಕೆಟ್ಟಿಲ್ಲ. ಹಂಪಿಗೆ ಹೋಗುವವರು ಇಲ್ಲಿ ಒಂದು ಗಳಿಗೆ ಇಳಿಯಲಿ. ಆ ಹೆಸರಿಲ್ಲದ ಹೆಂಗಸಿಗೆ ಕೈ ಮುಗಿಯಬೇಕು ಅನಿಸಿದರೆ, ಮುಗಿಯುವ ಬದಲು ಆ ಕೈಯನ್ನು ಚಾಚಲಿ.