ಅಸಲು, ನಕಲು, ಖೋಟಾ

ನಮ್ಮ ಅಕ್ಕನ ಮಗ ಕೊಳ್ಳೇಗಾಲದ ಒಂದು ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಾನೆ. ಹನೂರು, ಯಳಂದೂರು ಕಡೆಯ ಮದುವೆ, ಗಣಪತಿ ಉತ್ಸವ, ರಾಜ್ಯೋತ್ಸವಗಳೆಂದರೆ ಅವನಿಗೆ ಬಿಡುವಿಲ್ಲದ ಕೆಲಸ. ಒಂದು ದಿನ ಅವನು ಅಂಗೈಯಗಲದ ಒಂದು ಲೋಹದ ಪೆಟ್ಟಿಗೆಯನ್ನು ತಂದು ನಮ್ಮ ಮುಂದಿಟ್ಟ. ಕಾಲಿನಿಂದ ಅದುಮಿದರೆ ಗಿಟಾರಿನ ನಯವಾದ ದನಿ ಹರಿದು, ಒರಟಾಗಿ, ಜೇನುಹುಳುಗಳ ಹಿಂಡಿನಂತೆ ಮೊರೆಯುತ್ತದೆ. ಇದಕ್ಕೆ ಫಝ್ ಪೆಡಲ್ ಎಂದು ಹೆಸರಂತೆ. ಮೂರು ಸಾವಿರ ರೂಪಾಯಿ ಕೊಟ್ಟು ತಂದಿದ್ದ. ಅದು 1966ರಲ್ಲಿ ಲಂಡನ್ನಿನಲ್ಲಿ ಬಂದ ಫಝ್ ಫೇಸ್ ಎಂಬ ಪೆಡಲಿನ ನಕಲು. ಆ ಕಾಲದ ಮೂಲ ಪೆಟ್ಟಿಗೆಯ ಬೆಲೆ ಇಂದು ಲಕ್ಷ ರೂಪಾಯಿ ದಾಟುವುದುಂಟು. ಜೊತೆಗಾರನೊಬ್ಬ ಇದನ್ನು ಕಳ್ಳಮಾಲು ಎಂದು ಹಂಗಿಸಿದ್ದನಂತೆ. "ಮಾಮು, ಇದು ತಪ್ಪಾ?" ಎಂದು ಕೇಳಿದ.

ಕೂಡಲೇ ಉತ್ತರ ಹೇಳಲು ನಮಗೆ ಆಗಲಿಲ್ಲ. ಗಿಟಾರಿನ ವಿಷಯ ನಮಗೆ ತಿಳಿಯದು. ಅವನಿಂದ ಕೇಳಿಯೂ ಓದಿಯೂ ತಿಳಿದುಕೊಂಡಾಗ ಒಂದು ಸ್ವಾರಸ್ಯ ಕಂಡಿತು. ಈ ದನಿ ಹುಟ್ಟಿದ್ದೇ ಒಂದು ದೋಷದಿಂದ. ಅಮೆರಿಕದ ನ್ಯಾಶ್‌ವಿಲ್ ನಗರದಲ್ಲಿ ಮಾರ್ಟಿ ರಾಬಿನ್ಸ್ ಎಂಬ ಗಾಯಕನ ಹಾಡು ಧ್ವನಿಮುದ್ರಣವಾಗುವಾಗ ಯಂತ್ರದ ಒಂದು ಭಾಗ ಕೆಟ್ಟು, ವಾದ್ಯದ ದನಿ ಹರಿದುಹೋಯಿತು. 1961ರಲ್ಲಿ ಹೊರಬಂದ ಆ ಹಾಡಿನಲ್ಲಿ ಆ ಹರಿದ ದನಿಯನ್ನು ಹಾಗೆಯೇ ಉಳಿಸಿಕೊಂಡರು. ಜನಕ್ಕೆ ಹಿಡಿಸಿತು. ಆ ದೋಷವನ್ನು ಬೇಕೆಂದಾಗ ಹುಟ್ಟಿಸುವ ಪೆಟ್ಟಿಗೆಯನ್ನು ಗಿಬ್ಸನ್ ಕಂಪನಿ 1962ರಲ್ಲಿ ಮೇಸ್ಟ್ರೋ ಎಂಬ ಹೆಸರಿನಲ್ಲಿ ಮಾರಿತು. ಅದನ್ನು ಆಧರಿಸಿ 1965ರಲ್ಲಿ ಲಂಡನ್ನಿನಲ್ಲಿ ಟೋನ್ ಬೆಂಡರ್ ಬಂತು. ಟೋನ್ ಬೆಂಡರಿನ ದಾರಿಯಲ್ಲೇ ಫಝ್ ಫೇಸ್ ಬಂತು. ಇಂದು ಲಕ್ಷ ಬೆಲೆಯ 'ಮೂಲ' ಎನಿಸಿಕೊಂಡದ್ದು ತಾನೂ ಇನ್ನೊಂದನ್ನು ನೋಡಿ ಮಾಡಿದ್ದೇ. ಅದರೊಳಗಿರುವುದಾದರೂ ಎಷ್ಟು? ಎರಡು ಟ್ರಾನ್ಸಿಸ್ಟರ್, ಬೆರಳೆಣಿಕೆಯ ಬಿಡಿಭಾಗಗಳು. ಮೊದಲಿನವುಗಳಲ್ಲಿದ್ದ ಜರ್ಮೇನಿಯಂ ಟ್ರಾನ್ಸಿಸ್ಟರುಗಳು ಬಿಸಿಲೇರಿದರೆ ದನಿ ಬದಲಿಸುತ್ತಿದ್ದವು. ನಮ್ಮ ಏಪ್ರಿಲ್ ತಿಂಗಳ ಸೆಕೆಯಲ್ಲಿ ಹನೂರಿನ ಪೆಂಡಾಲಿನೊಳಗೆ ಸಿಲಿಕಾನಿನ ಅಗ್ಗದ ನಕಲೇ ಹೆಚ್ಚು ನಂಬಿಕಸ್ಥ ಎನ್ನುತ್ತಾನೆ ನಮ್ಮ ಹುಡುಗ.

ಉರ್ದು ಶಾಲೆಯಲ್ಲಿ ಅಕ್ಷರ ಕಲಿತ ನಮಗೆ ಈ ಮಾತುಗಳ ಬೇರು ನೆನಪಾಗುತ್ತದೆ. 'ಅಸಲ್' ಎಂದರೆ ಬೇರು, ಬುಡ. ಕನ್ನಡಕ್ಕೆ ಬಂದು ಅದು ಬಡ್ಡಿಯ ಎದುರಿನ ಅಸಲೂ ಆಯಿತು. 'ನಕಲ್' ಎಂದರೆ ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯುವುದು. ಅದರಲ್ಲಿ ಕಳವಿನ ವಾಸನೆಯಿಲ್ಲ. ಉಸ್ತಾದರು ಬರೆದದ್ದನ್ನು ನೋಡಿ ಬರೆದೇ ನಾವು ಅಕ್ಷರ ಕಲಿತೆವು. ತಾಲ್ಲೂಕು ಕಚೇರಿಯ ನಕಲು ಪ್ರತಿಯಿಂದಲೇ ನಮ್ಮ ಹೊಲಮನೆಗಳ ಹಕ್ಕು ನಿಂತಿದೆ. ಹದೀಸ್ ಸಂಗ್ರಹಿಸಿದವರು ಒಂದು ಮಾತನ್ನು ದಾಖಲಿಸುವಾಗ ಅದನ್ನು ಯಾರು ಯಾರಿಂದ ಕೇಳಿದರು ಎಂಬ ಸರಪಳಿಯನ್ನೂ ದಾಖಲಿಸಿದರು. ಅದನ್ನು ಇಸ್ನಾದ್ ಎನ್ನುತ್ತಾರೆ. ಸರಪಳಿ ಹೇಳುವ ನಕಲು ಪ್ರಾಮಾಣಿಕವಾದದ್ದು. ಅದನ್ನು ಮುಚ್ಚಿಟ್ಟು ತಾನೇ ಅಸಲೆಂದು ನಿಂತಾಗ ಮಾತ್ರ ಅದು ಖೋಟಾ ಆಗುತ್ತದೆ.

ಈ ಮಾತನ್ನು ಒರೆಗೆ ಹಚ್ಚಲು ನಮ್ಮೂರಿಗಿಂತ ಒಳ್ಳೆಯ ಜಾಗ ಬೇಡ. 1956ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲ ಬದುಕಿದ್ದೇ ರೇಷ್ಮೆಯಿಂದ. ಹನೂರಿನ ಸುತ್ತ ಹಿಪ್ಪುನೇರಳೆ, ಯಳಂದೂರು ತಾಲ್ಲೂಕಿನ ಮಾಂಬಳ್ಳಿಯಲ್ಲಿ ನೂಲು ತೆಗೆಯುವ ಸರ್ಕಾರಿ ಕಾರ್ಖಾನೆ, ಮುಸ್ಲಿಮರ ಮನೆಗಳಲ್ಲಿ ಚರಕ, ದೇವಾಂಗರ ಮನೆಗಳಲ್ಲಿ ಮಗ್ಗ. ಒಂದು ಸೀರೆಯಲ್ಲಿ ಇಷ್ಟು ಕೈಗಳಿದ್ದವು. ಇನ್ನು ಜರಿ. ಅಸಲಿ ಜರಿಯೆಂದರೆ ಬೆಳ್ಳಿಯ ತಂತಿಯನ್ನು ಚಪ್ಪಟೆ ಮಾಡಿ, ರೇಷ್ಮೆ ಎಳೆಗೆ ಸುತ್ತಿ, ಚಿನ್ನದ ಲೇಪ ಕೊಟ್ಟದ್ದು. ಟೆಸ್ಟೆಡ್ ಜರಿಯಲ್ಲಿ ಒಳಗಿನದು ತಾಮ್ರ, ಮೇಲೆ ಬೆಳ್ಳಿಯ ತೆಳುಲೇಪ. ಅದಕ್ಕೂ ಅಗ್ಗದ್ದು ಲೋಹದ ಬಣ್ಣ ಹೊತ್ತ ಪಾಲಿಯೆಸ್ಟರ್ ಪಟ್ಟಿ. ಹೊಸದಾಗಿದ್ದಾಗ ಮೂರೂ ಒಂದೇ ಬಗೆಯಾಗಿ ಹೊಳೆಯುತ್ತವೆ. 2004ರಲ್ಲಿ ಬಂದ ಸಿಲ್ಕ್ ಮಾರ್ಕ್ ರೇಷ್ಮೆಗೆ ಸಾಕ್ಷಿ ಹೇಳುತ್ತದೆಯೇ ಹೊರತು ಜರಿಗಲ್ಲ.

ಟೆಸ್ಟೆಡ್ ಜರಿಯ ಸೀರೆ ಪಾಪವೇನೂ ಅಲ್ಲ. ಕೂಲಿ ಮಾಡುವವನ ಮಗಳೂ ಮದುವೆಯ ದಿನ ಹೊಳೆಯಬೇಕು. ಆದರೆ ಸರಪಳಿ ಹೇಳಿಬಿಟ್ಟರೆ ಎಲ್ಲವೂ ಸರಿಯಾಯಿತೇ? ಇಲ್ಲಿ ನಮ್ಮ ವಾದ ಕುಂಟುತ್ತದೆ. ಲಂಡನ್ನಿನ ಪೆಡಲಿಗೆ ಮೂರು ಸಾವಿರದ ನಕಲು ಬಂದರೆ ಹಳೆಯ ಪೆಟ್ಟಿಗೆಯ ಬೆಲೆ ಇಳಿಯುವುದಿಲ್ಲ, ಯಾರ ಮನೆಯ ಒಲೆಯೂ ಆರುವುದಿಲ್ಲ. ಆದರೆ ಕೈಮಗ್ಗದವನು ದಿನಗಟ್ಟಲೆ ಕೂತು ನೇಯ್ದ ಅಂಚನ್ನು ಪವರ್‌ಲೂಮಿನವನು ನೋಡಿ ನೇಯ್ದು, ಅರ್ಧ ಬೆಲೆಗೆ ಮಾರಿದರೆ ಆರುವುದು ಮೊದಲಿನವನ ಒಲೆ. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟ 1985ರ ಕಾಯ್ದೆ ಬಂದದ್ದು ಈ ಕಾರಣಕ್ಕೇ. ಆದ್ದರಿಂದ ನಕಲನ್ನು ತೂಗುವಾಗ ಇನ್ನೊಂದು ಪ್ರಶ್ನೆಯೂ ಬೇಕು: ಅಸಲಿನ ಹಿಂದೆ ಇರುವುದು ಬರೀ ಹೆಸರೋ, ಅಥವಾ ಇನ್ನೂ ದುಡಿಯುತ್ತಿರುವ ಕೈಯೋ? ಹೆಸರಿಗೆ ನಾವು ಸಾಲಗಾರರಲ್ಲ. ಕೈಗೆ ಸಾಲಗಾರರು. ಕೊಡುವ ಶಕ್ತಿಯಿದ್ದೂ ಅಗ್ಗದ್ದನ್ನು ಕೊಂಡವನು ಆ ಸಾಲದ ಅಸಲನ್ನು ಉಳಿಸಿಕೊಂಡ ಹಾಗೆಯೇ.

ಇಷ್ಟು ಬರೆದ ಮೇಲೆ ನಮ್ಮ ಮನೆಯ ಸಂಗತಿಯನ್ನು ಮುಚ್ಚಿಡಲಾಗದು. ನಮ್ಮ ಅಮ್ಮೀಜಾನ್ ಮದುವೆಯಲ್ಲಿ ಉಟ್ಟ ಸೀರೆಯ ಜರಿ ಅಸಲಿಯದಾಗಿತ್ತು. ಅಬ್ಬಾ ಕಾಯಿಲೆ ಬಿದ್ದ ವರ್ಷ ಹಳೇ ಜರಿ ಸೀರೆ ಕೊಳ್ಳುವವನು ಬೀದಿಯಲ್ಲಿ ಕೂಗುತ್ತ ಬಂದಾಗ ಅಮ್ಮೀಜಾನ್ ಅದನ್ನು ಕೊಟ್ಟುಬಿಟ್ಟರು. ಅಂಚು ಸುಟ್ಟು ಬೆಳ್ಳಿ ತೆಗೆಯುವುದು ಅವರ ಕಸುಬು. ಅಸಲಿಯಾಗಿದ್ದುದಕ್ಕೇ ಆ ಸೀರೆ ಬೆಂಕಿಗೆ ಹೋಯಿತು, ಔಷಧಿಗೂ ಆಯಿತು.

ನಮ್ಮ ಮಗಳ ನಿಕಾಹಿಗೆ ಸೀರೆ ಕೊಂಡಾಗ ಅಂಗಡಿಯವನು ಪ್ಯೂರ್ ಜರಿ ಎಂದ. ಬೆಲೆ ನೋಡಿದಾಗಲೇ ಅಲ್ಲವೆಂದು ನಮಗೆ ತಿಳಿಯಿತು. ಚರಕದ ಮನೆಯಲ್ಲಿ ಬೆಳೆದವರಿಗೆ ಅಷ್ಟೂ ತಿಳಿಯದೇ? ಆದರೂ ಸುಮ್ಮನಿದ್ದೆವು. ಬೀಗರ ಮನೆಯ ಹೆಂಗಸರು ಅಂಚು ಸವರಿ ಕೇಳಿದಾಗ ನಾವೂ ಪ್ಯೂರ್ ಜರಿ ಎಂದೇ ಹೇಳಿದೆವು. ಅಂಗಡಿಯವನ ಸುಳ್ಳಿಗೆ ನಮ್ಮ ಹೆಸರನ್ನೂ ಸೇರಿಸಿ ಮುಂದೆ ದಾಟಿಸಿದೆವು. ಅದೂ ಒಂದು ಇಸ್ನಾದ್.

ಹುಡುಗನಿಗೆ ಹೇಳಿದೆವು: ನುಡಿಸು, ತಪ್ಪಿಲ್ಲ. ಯಾರಾದರೂ ಕೇಳಿದರೆ ಇಂಥದರ ನಕಲು, ಮೂರು ಸಾವಿರದ್ದು ಎಂದುಬಿಡು. ಅವನು ನಕ್ಕು, "ಅಷ್ಟೇನಾ ಮಾಮು?" ಎಂದ. ಅಷ್ಟೇ. ಹೇಳುವುದು ಸುಲಭ. ಸೀರೆಯ ವಿಷಯವನ್ನು ಮೊನ್ನೆ ಮಗಳಿಗೆ ತಿಳಿಸಿದ್ದೇವೆ. ಬೀಗರಿಗೆ ಇನ್ನೂ ಹೇಳಿಲ್ಲ.