ಅಂಗದನನ್ನು ಪಾಪಿ ಎಂದವರಿಲ್ಲ

‘ಆತ್ಮಹತ್ಯೆ ಮಹಾಪಾಪ’ ಎಂದು ಶ್ರದ್ಧಾಂಜಲಿ ಸಭೆಯಲ್ಲಿ ಹಿರಿಯರೊಬ್ಬರು ಹೇಳಿದರು. ಸಭೆ ಮುಗಿದ ಮೇಲೆ ಹಾಸ್ಟೆಲಿನ ಹುಡುಗಿಯೊಬ್ಬಳು ನನ್ನ ಹತ್ತಿರ ಬಂದು ಕೇಳಿದಳು: ‘ಮೇಡಂ, ಹಾಗಾದ್ರೆ ನನ್ನ ರೂಮ್‌ಮೇಟ್ ಪಾಪಿಯಾ? ಅವಳಿಗೆ ಸದ್ಗತಿ ಇಲ್ವಾ?’ ವಿಶ್ವವಿದ್ಯಾಲಯದಲ್ಲಿ ಸಂಸ್ಕೃತ ಪಾಠ ಮಾಡುತ್ತ, ಮಹಿಳಾ ಹಾಸ್ಟೆಲಿನ ವಾರ್ಡನ್ ಕೆಲಸವನ್ನೂ ನೋಡಿಕೊಂಡವಳು ನಾನು. ಈ ಪ್ರಶ್ನೆ ನನ್ನ ಎರಡೂ ಕೆಲಸಗಳಿಗೆ ಸೇರಿದ್ದು.

ಪಾಪ ಎನ್ನುವವರಿಗೆ ಶಾಸ್ತ್ರಾಧಾರವೇ ಇಲ್ಲ ಎಂದು ಹೇಳಲಾರೆ. ತಾವಾಗಿ ಪ್ರಾಣ ಬಿಟ್ಟವರಿಗೆ ಮನುಸ್ಮೃತಿಯ ಐದನೆಯ ಅಧ್ಯಾಯ ತರ್ಪಣದ ನೀರನ್ನೂ ನಿರಾಕರಿಸುತ್ತದೆ. ಆದರೆ ನಮ್ಮ ಮನೆಗಳಲ್ಲಿ ಪಾರಾಯಣವಾಗುವುದು ಮನುಸ್ಮೃತಿಯಲ್ಲ, ರಾಮಾಯಣ. ಸಾಯಬೇಕೆನಿಸಿದ ಜೀವವನ್ನು ವಾಲ್ಮೀಕಿಗಳು ಹೇಗೆ ಕಂಡರು ಎಂಬುದನ್ನು ಆ ಹುಡುಗಿಗೆ ಹೇಳಿದೆ.

ಕಿಷ್ಕಿಂಧಾಕಾಂಡದ ಕೊನೆಯ ಭಾಗ. ಸೀತೆಯನ್ನು ಹುಡುಕಲು ಸುಗ್ರೀವ ಕೊಟ್ಟ ಒಂದು ತಿಂಗಳ ಗಡುವು ವಾನರರು ಹೊಕ್ಕ ಬಿಲವೊಂದರೊಳಗೇ ಕಳೆದುಹೋಗಿದೆ. ಹೊರಗೆ ಬಂದು ಹೂಬಿಟ್ಟ ಮರಗಳನ್ನು ನೋಡಿದಾಗಲೇ ವಾನರರಿಗೆ ಅದು ಅರಿವಾಗುವುದು. ಯುವರಾಜ ಅಂಗದ, ಇನ್ನೂ ಹುಡುಗ, ಬರಿಗೈಲಿ ಊರಿಗೆ ಹೋಗುವುದಕ್ಕಿಂತ ಇಲ್ಲೇ ಸಾಯುತ್ತೇನೆ ಎಂದು ಪ್ರಾಯೋಪವೇಶಕ್ಕೆ ನಿಶ್ಚಯಿಸುತ್ತಾನೆ. ತಾಯಿ ತಾರೆಯನ್ನು ಸಮಾಧಾನ ಮಾಡಿ ಎಂದು ಹೇಳಿಕಳಿಸುತ್ತಾನೆ. ಬ್ಯಾಕ್‌ಲಾಗ್ ಉಳಿದವರ, ಗೈಡ್ ಸಹಿ ಹಾಕದೆ ಪಿಎಚ್‌.ಡಿ. ನಿಂತವರ ಬಾಯಲ್ಲಿ ‘ಊರಿಗೆ ಯಾವ ಮುಖ ಹೊತ್ತು ಹೋಗಲಿ ಮೇಡಂ’ ಎಂಬ ಮಾತು ಬಂದಾಗಲೆಲ್ಲ ನನಗೆ ಅಂಗದ ನೆನಪಾಗಿದ್ದಾನೆ.

ಹನುಮಂತ ಅವನಿಗೆ ಬುದ್ಧಿ ಹೇಳುತ್ತಾನೆ. ತರ್ಕ ಹೂಡುತ್ತಾನೆ, ಲಕ್ಷ್ಮಣನ ಬಾಣಗಳ ಭಯ ತೋರಿಸುತ್ತಾನೆ. ಮಾತು ಬಲ್ಲವರಲ್ಲಿ ಶ್ರೇಷ್ಠನಾದ ಹನುಮಂತನ ಮಾತೂ ಅಲ್ಲಿ ಸೋಲುತ್ತದೆ. ಅಂಗದ ಅಳುತ್ತ ದರ್ಭೆಯ ಮೇಲೆ ಒರಗುತ್ತಾನೆ. ಉಳಿದವರು ಅವನನ್ನು ಬೈಯುವುದಿಲ್ಲ, ಬಿಟ್ಟೂ ಹೋಗುವುದಿಲ್ಲ. ಸುತ್ತ ಕೂತು ತಾವೂ ಅಳುತ್ತಾರೆ. ಆ ದುಃಖದ ಮಾತಿನ ನಡುವೆ ಜಟಾಯುವಿನ ಹೆಸರು ಬರುತ್ತದೆ. ಬೆಟ್ಟದ ಮೇಲೆ ರೆಕ್ಕೆ ಸುಟ್ಟುಕೊಂಡು ಕೂತಿದ್ದ ಮುದಿ ಹದ್ದು ಸಂಪಾತಿ ತಮ್ಮನ ಹೆಸರು ಕೇಳಿ, ‘ನನ್ನನ್ನು ಕೆಳಗಿಳಿಸಿ’ ಎಂದು ಬೇಡುತ್ತದೆ. ಸಾಯಲು ಕೂತಿದ್ದ ಅಂಗದ ಎದ್ದು ಹೋಗಿ ಅದನ್ನು ಇಳಿಸಿಕೊಂಡು ಬರುತ್ತಾನೆ.

ಸಂಪಾತಿ ಸೀತೆ ಇರುವ ಜಾಗ ಹೇಳಿದ್ದು ಎಲ್ಲರಿಗೂ ಗೊತ್ತು. ಮುಂದಿನ ಸರ್ಗಗಳಲ್ಲಿ ಅದು ತನ್ನ ಕಥೆಯನ್ನೂ ಹೇಳುತ್ತದೆ. ಅದನ್ನು ನಾವು ಓದುವುದು ಕಡಿಮೆ. ರೆಕ್ಕೆ ಕಳೆದುಕೊಂಡಾಗ ಸಂಪಾತಿಗೂ ಸಾಯುವ ಮನಸ್ಸಾಗಿತ್ತು. ನಿಶಾಕರ ಮುನಿ ಅದರ ದುಃಖವನ್ನೆಲ್ಲ ಕೇಳಿ, ನಿನ್ನಿಂದ ಆಗಬೇಕಾದ ಕೆಲಸವಿದೆ, ಕಾಯುತ್ತಿರು ಎಂದು ತಡೆದಿದ್ದ. ಆ ಮಾತನ್ನು ಹಿಡಿದುಕೊಂಡೇ ಅದು ಅಷ್ಟು ವರ್ಷ ಬದುಕಿತು. ಮುಂದೆ ಸುಂದರಕಾಂಡದಲ್ಲಿ, ಲಂಕೆಯೆಲ್ಲ ಹುಡುಕಿ ಸೋತ ಹನುಮಂತನಿಗೂ ಇದೇ ಯೋಚನೆ ಬರುತ್ತದೆ. ಬದುಕಿದ್ದರೆ ಒಳ್ಳೆಯದನ್ನು ಕಾಣಬಹುದು ಎಂದು ತನಗೆ ತಾನೇ ಹೇಳಿಕೊಂಡ ಮೇಲೆ, ಇನ್ನೂ ಹುಡುಕದೆ ಉಳಿದ ಅಶೋಕವನ ಅವನ ಕಣ್ಣಿಗೆ ಬೀಳುತ್ತದೆ.

ಅಂಗದ, ಸಂಪಾತಿ, ಹನುಮಂತ. ಕವಿ ಇವರಲ್ಲಿ ಯಾರನ್ನೂ ಪಾಪಿ ಎನ್ನಲಿಲ್ಲ, ಹೇಡಿ ಎನ್ನಲಿಲ್ಲ. ರಾಮಕಾರ್ಯ ಮುಂದೆ ಸಾಗಿದ್ದೇ ಇವರಿಂದ.

‘ನಿನ್ನ ಗೆಳತಿ ಪಾಪಿಯಲ್ಲ, ತಡೆಯಲಾರದಷ್ಟು ನೊಂದವಳು’ ಎಂದು ಆ ಹುಡುಗಿಗೆ ಹೇಳಿದೆ. ನನ್ನ ನಂಬಿಕೆಯೂ ಅದೇ. ಪಾಪ ಎಂಬ ಮಾತು ಸಾವನ್ನು ತಡೆಯುವುದಿಲ್ಲ, ಬಾಯಿ ಕಟ್ಟುತ್ತದೆ. ಅಂಗದ ತನ್ನ ಸಂಕಟವನ್ನು ಎಲ್ಲರೆದುರು ಹೇಳಿಕೊಂಡಿದ್ದರಿಂದ ಸಂಪಾತಿಗೆ ಕೇಳಿಸಿತು. ನಮ್ಮ ಹಾಸ್ಟೆಲುಗಳಲ್ಲಿ ರಾತ್ರಿ ಮೂರಕ್ಕೆ ನಿದ್ದೆಯಿಲ್ಲದೆ ಕೂತ ಹುಡುಗಿ ಬೆಳಗ್ಗೆ ಮೆಸ್ಸಿನಲ್ಲಿ ನಗುತ್ತಾಳೆ. 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ತೀರಿಕೊಂಡರು ಎನ್ನುತ್ತದೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ.

ಕಾನೂನು ಈ ವಿಷಯದಲ್ಲಿ ವಾಲ್ಮೀಕಿಗಳ ಹತ್ತಿರ ಬಂದಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಪ್ರಾಣ ಕಳೆದುಕೊಳ್ಳಲು ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷಿಸಬಾರದು, ಅವರ ಆರೈಕೆ ಸರ್ಕಾರದ ಹೊಣೆ ಎನ್ನುತ್ತದೆ. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಅರ್ಹ ಆಪ್ತಸಮಾಲೋಚಕರು ಇರಲೇಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ. ಅವರ ಕೋಣೆ ಆಡಳಿತ ಕಚೇರಿಯ ಪಕ್ಕ, ಎಲ್ಲರ ಕಣ್ಣೆದುರು ಇರಬಾರದು ಎಂಬುದು ನನ್ನ ಬೇಡಿಕೆ. ಅಲ್ಲಿಗೆ ಹೋಗಿಬಂದ ಸುದ್ದಿ ಮನೆಗಾಗಲಿ ಗೈಡ್‌ಗಾಗಲಿ ಸುಮ್ಮನೆ ತಲುಪಬಾರದು. ಖಿನ್ನತೆ ಕಾಯಿಲೆ, ಅದಕ್ಕೆ ವೈದ್ಯರಿದ್ದಾರೆ, ಔಷಧವಿದೆ. ಪುರಾಣದ ಕಥೆ ಚಿಕಿತ್ಸೆಗೆ ಬದಲಿಯಲ್ಲ.

ಪಕ್ಕದ ಮಂಚದವಳು ಊಟ ಬಿಟ್ಟಿದ್ದರೆ, ಪ್ರೀತಿಯ ವಸ್ತುಗಳನ್ನು ಹಂಚುತ್ತಿದ್ದರೆ, ‘ಸಾಯಬೇಕು ಅನ್ನಿಸ್ತಿದೆಯಾ?’ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಬುದ್ಧಿ ಹೇಳಲು ಹೋಗಬೇಡಿ, ಒಬ್ಬಳನ್ನೇ ಬಿಡಬೇಡಿ. ವಾರ್ಡನ್ನರನ್ನು ಎಬ್ಬಿಸಿ, ಆಸ್ಪತ್ರೆಗೆ ಕರೆದೊಯ್ಯಿರಿ. ಇದನ್ನು ಓದುತ್ತಿರುವ ನಿಮಗೇ ಹಾಗೆ ಅನ್ನಿಸುತ್ತಿದ್ದರೆ ಈಗಲೇ ಯಾರಿಗಾದರೂ ಹೇಳಿ. ಟೆಲಿ ಮಾನಸ್ ಸಹಾಯವಾಣಿ 14416 ಉಚಿತ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.